ಬದನೆಗಿಡ ಹಳದಿಯಾದ ಪ್ರಕರಣ

ಚಿಂತಾಮಣಿಯ ಕುಂಡ ತರಕಾರಿ ಅಭಿವೃದ್ಧಿ ಕಚೇರಿಯ ಬದನೆಗಿಡವು ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಹಾಜರಿ ಪುಸ್ತಕಕ್ಕೆ ಸಹಿ ಬೀಳುವ ಹೊತ್ತಿಗೆ ಸರಿಯಾಗಿ, ಹಳದಿಯಾಯಿತು. ಮೊದಲು ಕಂಡವಳು ಅಶ್ವತ್ಥಮ್ಮ. ಹನ್ನೊಂದು ವರ್ಷದಿಂದ ದಿನಗೂಲಿ ಮೇಲೆ ಅಲ್ಲಿ ಕಸ ಗುಡಿಸಿ, ಗಿಡ ನೋಡಿಕೊಳ್ಳುತ್ತಿದ್ದ ಹೆಂಗಸು. ಅವಳ ನೌಕರಿ ಕಾಯಂ ಮಾಡಲು ಮೇಲಿನವರು ಒಪ್ಪಿಯಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಕಡತ ಸಾಹೇಬರ ಮೇಜಿನ ಮೇಲೆ ಸಹಿಗೆ ಕೂತಿತ್ತು. ಇಂಥ ಹೊತ್ತಲ್ಲೇ ಗಿಡ ಹೀಗೆ ಮಾಡಬೇಕೇ?

ಕಾರಣವೇನೋ ಅವಳಿಗೆ ಗೊತ್ತಿತ್ತು. ದೀಪ ಹಚ್ಚಿದರೆ ಫ್ಯಾನಿನ ಗಾಳಿಗೆ ಆರಿಹೋಗಿ ಗಣ್ಯರಿಗೆ ಮುಜುಗರವಾಗುವುದರಿಂದ, ಸಕಲ ಕಾರ್ಯಕ್ರಮಗಳನ್ನೂ ಕುಂಡಕ್ಕೆ ನೀರೆರೆದೇ ಉದ್ಘಾಟಿಸತಕ್ಕದ್ದೆಂದು ಸುತ್ತೋಲೆ ಬಂದಿತ್ತು. ಕಚೇರಿಯಲ್ಲಿದ್ದದ್ದು ಒಂದೇ ಕುಂಡ. ಸಾವಯವ ಸಪ್ತಾಹಕ್ಕೆ ಏಳು ಚೆಂಬು, ಹೊಸ ಜೆರಾಕ್ಸ್ ಯಂತ್ರದ ಲೋಕಾರ್ಪಣೆಗೆ ನಾಲ್ಕು, ಅದೇ ಯಂತ್ರದ ದುರಸ್ತಿಗೆ ಮತ್ತೆ ನಾಲ್ಕು. ಗುಮಾಸ್ತ ಆವುಲಪ್ಪನವರ ಬೀಳ್ಕೊಡುಗೆಗೆ ಬಂದ ನೆಂಟರಂತೂ ಸಾಲಾಗಿ ನಿಂತು, ಒಬ್ಬೊಬ್ಬರೂ ಫೋಟೋ ತೆಗೆಸಿಕೊಂಡು ಎರೆದರು. ಪಾಪದ ಗಿಡ ಎಷ್ಟು ಅಂತ ಕುಡಿದೀತು! ಕುಂಡದ ತಳಕ್ಕೆ ತೂತೂ ಇರಲಿಲ್ಲ. ಇದ್ದಿದ್ದರೆ ಒಡಕು ಮಾಲೆಂದು ಉಗ್ರಾಣದವರು ವಾಪಸು ಕಳಿಸುತ್ತಿದ್ದರು.

ಶಿಡ್ಲಘಟ್ಟದಿಂದ ತನಿಖಾ ಸಮಿತಿ ಬಂತು. ತನಿಖೆಯೂ ಕಾರ್ಯಕ್ರಮವೇ ಆದ್ದರಿಂದ ಅದನ್ನೂ ಗಿಡಕ್ಕೆ ನೀರೆರೆದು ಉದ್ಘಾಟಿಸಲಾಯಿತು. ಗಿಡ ಇನ್ನಷ್ಟು ಹಳದಿಯಾಯಿತು. ಇನ್ನಷ್ಟು ಯಾಕಾಯಿತೆಂದು ನೋಡಲು ಗೌರಿಬಿದನೂರಿನಿಂದ ಉಪಸಮಿತಿ ಬಂತು. ಐವರು ಸದಸ್ಯರು, ಐದು ಚೆಂಬು. ತಡೆಯಲಾರದೆ ಅಶ್ವತ್ಥಮ್ಮ ಸಹಾಯಕ ನಿರ್ದೇಶಕ ರಮೇಶ್‌ಬಾಬು ಸಾಹೇಬರ ಮುಂದೆ ಹೋಗಿ ನಿಂತಳು.

“ಸಾರ್, ನೀರು ಜಾಸ್ತಿ ಆಗಿ ಬೇರು ಕೊಳೀತೈತೆ. ನಾಲ್ಕು ದಿನ ಸುಮ್ನೆ ಬಿಟ್ರೆ ಬದುಕ್ಕೊಳ್ತೈತೆ.”

ರಮೇಶ್‌ಬಾಬು ಎದ್ದುಹೋಗಿ ಬಾಗಿಲು ಹಾಕಿದರು.

“ಮೆಲ್ಲಗೆ ಮಾತಾಡಮ್ಮ. ನಮ್ಮ ತಾಲ್ಲೂಕು ಬರಪೀಡಿತ ಪಟ್ಟೀಲೈತೆ. ಇಲ್ಲಿ ನೀರು ಜಾಸ್ತಿ ಆಯ್ತು ಅಂತ ಬರೆದ್ರೆ ಪಟ್ಟಿಯಿಂದ ತೆಗೆದುಬಿಡ್ತಾರೆ. ಆಮೇಲೆ ಬರದ ದುಡ್ಡೂ ಇಲ್ಲ, ಜೀಪೂ ಇಲ್ಲ, ನಾನೂ ಇಲ್ಲ, ನೀನೂ ಇಲ್ಲ.”

ಹಾಗಾಗಿ ವರದಿಯಲ್ಲಿ, ಸದರಿ ಗಿಡವು ನೀರಿನ ತೀವ್ರ ಕೊರತೆಯಿಂದ ಹಳದಿಯಾಗಿರುತ್ತದೆ ಎಂದು ನಮೂದಾಯಿತು. ಗಿಡ ನೋಡಿಕೊಳ್ಳುವವರ ಸಹಿಯೊಂದು ಬೇಕಿತ್ತು. ಸಾಹೇಬರು ವರದಿಯನ್ನೂ ಅವಳ ಕಾಯಂ ಆದೇಶವನ್ನೂ ಜೊತೆಜೊತೆಗೆ ಮುಂದಿಟ್ಟು, ಮೊದಲು ಇದಕ್ಕೆ ನೀನು, ಆಮೇಲೆ ಅದಕ್ಕೆ ನಾನು ಎಂದರು. ಅಶ್ವತ್ಥಮ್ಮ ಕಿಟಕಿಯಾಚೆ ಗಿಡವನ್ನೊಮ್ಮೆ ನೋಡಿದಳು. ಕೈಯಾರೆ ನೆಟ್ಟದ್ದು. ಹನ್ನೊಂದು ವರ್ಷ ಗುಡಿಸಿದ್ದನ್ನೂ ನೆನೆದಳು. ಸಹಿ ಹಾಕಿದಳು.

ಆದೇಶ ವಿತರಣಾ ಸಮಾರಂಭ ಶುಕ್ರವಾರ ನಡೆಯಿತು. ಒಳಗೆ ತಂದಿಟ್ಟ ಕುಂಡ ತುಂಬಿ ಹರಿದ ನೀರು ಸಭಾಂಗಣವನ್ನೆಲ್ಲ ಆವರಿಸಿದ್ದರಿಂದ, ಗಣ್ಯರು ಪ್ಯಾಂಟು ಮಡಚಿಕೊಂಡು ವೇದಿಕೆ ಏರಿ ಬರಗಾಲದ ಬಗ್ಗೆ ಮಾತಾಡಿದರು. ಬದನೆಗಿಡದ ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಂತಿತ್ತು, ಅದಕ್ಕೂ ಒಂದು ಹಾರ ಹಾಕಿದ್ದರು. ಉದ್ಘಾಟನೆಗೆ ಸರ್ವಾನುಮತದಿಂದ ಅಶ್ವತ್ಥಮ್ಮನನ್ನೇ ಕರೆದರು. ಹೊಸ ಸೀರೆಯುಟ್ಟು ಬಂದಿದ್ದ ಅವಳು ಚೆಂಬೆತ್ತಿ ಎರೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಇನ್ನೊಂದು ಚೂರು ಹಾಕಮ್ಮ, ಪಾಪ, ಒಣಗಿಹೋಗೈತೆ” ಎಂದರು ರಮೇಶ್‌ಬಾಬು.

“ಹೌದು ಸಾರ್, ನೀರೇ ಸಾಲ್ದು” ಎಂದು ಅಶ್ವತ್ಥಮ್ಮ ಇನ್ನೊಂದು ಚೆಂಬು ತುಂಬಿಕೊಂಡಳು.