ಗಣಿತದ ಪೆಟ್ಟಿಗೆ ಮತ್ತು ಮೂಲೆಯಿದ್ದ ಹಲಸಿನಹಣ್ಣು

ನನ್ನ ಮೇಷ್ಟ್ರಗಿರಿಯಲ್ಲಿ ಪೇಚಾಟಗಳು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದವು. ಅರ್ಧವನ್ನು ನಾನೇ ಕಾಗದ ಬರೆದು ಕರೆಸಿಕೊಂಡದ್ದು ಅಂತ ಹೆಂಡತಿಯ ಅಭಿಪ್ರಾಯ. ಹನಗೋಡು ಕಡೆಯ ಮಿಡ್ಲ್ ಸ್ಕೂಲಿನಲ್ಲಿ ನಡೆದ ಇವು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಭಾಗ ಯಾವುದು ಅಂತ ಈಗ ನನಗೂ ಗೊತ್ತಿಲ್ಲ.

ಬೀಗದ ತೂತು

ಗಣಿತ ಕಲಿಸೋಕೆ ಅಂತ ಇಲಾಖೆಯಿಂದ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಪ್ಲಾಸ್ಟಿಕ್ ಶಂಕು, ಸಿಲಿಂಡರು, ಮರದ ಗೋಳ, ಮೊಳೆ ಹೊಡೆದ ಹಲಗೆ, ಮೊಳೆಗೆ ಸಿಕ್ಕಿಸಿ ತ್ರಿಕೋನ ಮಾಡೋಕೆ ಬಣ್ಣದ ರಬ್ಬರ್ ಬ್ಯಾಂಡು. ಹೆಡ್‌ಮೇಷ್ಟ್ರು ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಬೀರುವಿನಲ್ಲಿಟ್ಟು ಬೀಗ ಜಡಿದರು. ಬೀಗದ ಕೈ ಅವರ ಉಡಿದಾರಕ್ಕೆ ಹೋಯಿತು.

"ಸಾರ್, ಮಕ್ಕಳಿಗೆ ತೋರಿಸೋಣ."

"ಮುಟ್ಟಿದ್ರೆ ಸವೀತದೆ ಕಣಯ್ಯ. ಇನ್‌ಸ್ಪೆಕ್ಷನ್‌ನಲ್ಲಿ ಒಂದು ಸಾಮಾನು ಕಮ್ಮಿ ಬಂದ್ರೂ ನನ್ನ ರಿಟೈರ್ಮೆಂಟ್ ಕಾಗದ ನಿಲ್ಲಿಸಿಬುಡ್ತಾರೆ."

ನಾನು ಬಿಡಲಿಲ್ಲ. ಏಳನೇ ಕ್ಲಾಸನ್ನು ಸಾಲಾಗಿ ನಿಲ್ಲಿಸಿ ಬೀಗದ ತೂತಿನಲ್ಲಿ ಇಣುಕಿಸಿದೆ.

"ಏನ್ ಕಾಣ್ತದ್ಲಾ?"

"ಬರೀ ಕತ್ಲು ಸಾ."

"ಅದೇ ಕಣ್ಲಾ, ಶಂಕಿನ ಒಳಭಾಗ."

ಪರೀಕ್ಷೆಯಲ್ಲಿ ಶಂಕಿನ ಚಿತ್ರ ಬರೆಯಿರಿ ಅಂದರೆ ಒಬ್ಬಳು ಬೀರು ಬರೆದಿದ್ದಳು. ಬೀಗವನ್ನೂ ಮರೆತಿರಲಿಲ್ಲ.

ತೂತಿಲ್ಲದ ಶಂಕು

ಹೆಡ್‌ಮೇಷ್ಟ್ರು ಕಣ್ಣಿನ ಆಪರೇಷನ್ನಿಗೆ ಮೈಸೂರಿಗೆ ಹೊರಟಾಗ ಬೀಗದ ಕೈ ನನಗೆ ಕೊಟ್ಟರು. ಅವರ ಬಸ್ಸು ತಿರುವು ದಾಟುವುದರೊಳಗೆ ಪೆಟ್ಟಿಗೆ ಕ್ಲಾಸಿನಲ್ಲಿತ್ತು. ಮೂರು ಶಂಕು ನೀರಿಗೆ ಸಿಲಿಂಡರು ಸರಿಯಾಗಿ ತುಂಬಿತು. ಮಕ್ಕಳು ಹಾಕಿದ ಕೇಕೆಗೆ ಪಕ್ಕದ ಹೊಗೆಸೊಪ್ಪಿನ ಹೊಲದವರು ಓಡಿಬಂದರು.

ಆಮೇಲೆ ಸಾಮಾನುಗಳಿಗೆ ಕಾಲು ಬಂತು. ರಬ್ಬರ್ ಬ್ಯಾಂಡು ಹೆಣ್ಣುಮಕ್ಕಳ ಜಡೆ ಸೇರಿತು. ಮರದ ಗೋಳ ಸಿಕ್ಸರ್ ಹೋಗಿ ಲಕ್ಷ್ಮಣತೀರ್ಥ ಹೊಳೆಗೆ ಬಿತ್ತು. ಹೊಡೆದವನು ನಾನೇ ಅಂತ ಹುಡುಗರು ಹೇಳುತ್ತಾರೆ, ನಂಬಬೇಡಿ. ಶಂಕು ಸಿಕ್ಕಿದ್ದು ಬಿಸಿಯೂಟದ ಅಡುಗೆಮನೆಯಲ್ಲಿ. ಅಡುಗೆಯ ಅಕ್ಕ ಅದರ ತುದಿ ಕುಯ್ದು ಸ್ಟೌವಿಗೆ ಸೀಮೆಎಣ್ಣೆ ಸುರಿಯುತ್ತಿದ್ದರು.

"ಏನಕ್ಕಾ ಇದು!"

"ಯಾರೋ ತೂತೇ ಬುಡದೆ ಮಾಡವ್ರೆ ಸಾ. ನಾನೇ ಸರಿ ಮಾಡ್ಕಂಡೆ."

ಕಪ್ಪು ಕನ್ನಡಕ ಹಾಕಿಕೊಂಡು ವಾಪಸಾದ ಹೆಡ್‌ಮೇಷ್ಟ್ರು ಮೊದಲು ಕೇಳಿದ್ದೇ "ಪೆಟ್ಟಿಗೆ ಹೆಂಗದೆ?"

"ಬೀಗ ಗಟ್ಟಿಯಾಗೇ ಅದೆ ಸಾರ್."

"ನಿನ್ನಂಥ ಜವಾಬ್ದಾರಿ ಮನುಷ್ಯ ಸಿಗಲ್ಲ ಕಣಯ್ಯ. ಬೀಗದ ಕೈ ನೀನೇ ಇಟ್ಕೊ."

ಮೂಲೆಯಿದ್ದ ಹಲಸಿನಹಣ್ಣು

ಹೆಡ್‌ಮೇಷ್ಟ್ರು ರಿಟೈರ್ ಆಗುವ ತಿಂಗಳಲ್ಲೇ ಇನ್‌ಸ್ಪೆಕ್ಷನ್ ಬಂತು. ಬೆಳಿಗ್ಗೆ ಪಕ್ಕದೂರಿನ ಸ್ಕೂಲು, ಊಟದ ಮೇಲೆ ನಮ್ಮದು. ನನಗೆ ನಿದ್ದೆ ಹಾರಿಹೋಯಿತು. ನನ್ನ ಸಿಕ್ಸರಿಗೆ (ಹೂಂ, ನಾನೇ ಹೊಡೆದದ್ದು) ಅವರ ಕಾಗದ ನಿಲ್ಲಬೇಕೆ?

ಪಕ್ಕದೂರಿನ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿನ ಮೇಷ್ಟ್ರು ನನ್ನ ಗೆಳೆಯ, ಒಂದು ದಿನದ ಮಟ್ಟಿಗೆ ಕೊಡಲು ಒಪ್ಪಿದ. ಇನ್‌ಸ್ಪೆಕ್ಷನ್ ಸಾಹೇಬರು ಅದನ್ನು ನೋಡಿ ಸಹಿ ಹಾಕಿದ ಕೂಡಲೇ ಗೋಣಿಚೀಲಕ್ಕೆ ತುಂಬಿ, ಹಿತ್ತಲಿನಿಂದ ಹೊತ್ತು ತಂದು ರಸ್ತೆಯಲ್ಲಿ ನಿಂತೆ. ಬಸ್ಸು ಬರಲಿಲ್ಲ. ಸಾಹೇಬರ ಜೀಪು ಬಂತು.

"ಹತ್ತಿ ಮೇಷ್ಟ್ರೇ, ನಿಮ್ಮ ಸ್ಕೂಲಿಗೇ ಹೊರಟಿದ್ದೀನಿ. ಚೀಲದಲ್ಲೇನ್ರೀ?"

"ಹಲಸಿನಹಣ್ಣು ಸಾರ್."

"ಮೂಲೆ ಇದೆಯಲ್ರೀ?"

"ಈ ಕಡೆ ತಳಿ ಹಂಗೇ ಸಾರ್."

ಜೀಪು ಹಳ್ಳಕ್ಕೆ ಇಳಿಯಿತು. ಚೀಲ ಗಡಗಡ ಅಂತು.

"ಹಣ್ಣು ಸದ್ದು ಮಾಡ್ತದಲ್ರೀ?"

"ಬೀಜ ಜಾಸ್ತಿ ಸಾರ್."

ಸ್ಕೂಲಿನಲ್ಲಿ ಹೆಡ್‌ಮೇಷ್ಟ್ರು ಹಾರ ಹಾಕುವಷ್ಟರಲ್ಲಿ ನಾನು ಹಿಂದಿನಿಂದ ಓಡಿ, ನಮ್ಮ ಪೆಟ್ಟಿಗೆ ಬಚ್ಚಿಟ್ಟು, ಚೀಲದ ಪೆಟ್ಟಿಗೆಯನ್ನು ಬೀರುವಿಗೆ ಸೇರಿಸಿದೆ. ಸಾಹೇಬರು ತೆಗೆಸಿದರು. ಒಂದೂ ಕಮ್ಮಿಯಿಲ್ಲ. ಏನೂ ಅರಿಯದ ಹೆಡ್‌ಮೇಷ್ಟ್ರು ಎದೆಯುಬ್ಬಿಸಿ, "ಬಂದಾಗಿನಿಂದ ಈ ಪೆಟ್ಟಿಗೆ ಹೊಸ್ತಿಲು ದಾಟಿಲ್ಲ ಸಾರ್!" ಅಂದರು.

ಸಾಹೇಬರು ಪೆಟ್ಟಿಗೆಗೆ ಅಂಟಿದ್ದ ಗೋಣಿನಾರನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ 'ಎಲ್ಲವೂ ಸರಿಯಾಗಿದೆ' ಅಂತ ಬರೆದು ಸಹಿ ಹಾಕಿದರು.

ಜೀಪು ಹತ್ತಿದವರು ನನ್ನನ್ನು ಹತ್ತಿರ ಕರೆದರು.

"ಮೇಷ್ಟ್ರೇ, ವಾಪಸ್ ಅದೇ ದಾರೀಲಿ ಹೋಗ್ತೀನಿ. ಹಲಸಿನಹಣ್ಣು ಹಿಂದಿರುಗಿಸೋದಿದ್ರೆ ಈಗ್ಲೇ ತಂದು ಜೀಪಿಗೆ ಹಾಕಿ."