ಡ್ರೋನು ಕೇಳದ ಪಾಸ್‌ವರ್ಡು

ನೌಕರಿಯಿಂದ ನಿವೃತ್ತನಾದ ಮನುಷ್ಯ ಅದಕ್ಕೆ ಹೇಗೋ ಒಗ್ಗಿಕೊಳ್ಳುತ್ತಾನೆ. ಆದರೆ ಎಷ್ಟೋ ವರ್ಷಗಳ ನಂತರ, ತಾನು ಮಾಡುತ್ತಿದ್ದ ಕೆಲಸವೇ ನಿವೃತ್ತವಾಯಿತೆಂದು ಬೆಳಗಿನ ಪೇಪರಿನಲ್ಲಿ ಓದುವುದಕ್ಕೆ ಬೇರೆಯದೇ ಗಟ್ಟಿತನ ಬೇಕು. ನಾನೂ ನನ್ನ ಗೆಳೆಯ ಐತಪ್ಪನೂ ಕಾವಲು ನಿಂತಿದ್ದ ಉತ್ತರದ ಸೈನಿಕ ನೆಲೆಯ ಬೇಲಿಯನ್ನು ಇನ್ನು ಮುಂದೆ ಡ್ರೋನುಗಳು ಕಾಯುತ್ತವಂತೆ. ಮೈಯ ಬಿಸಿಯನ್ನು ನೋಡಿಯೇ ಕತ್ತಲಲ್ಲಿ ಮನುಷ್ಯನನ್ನು ಪತ್ತೆ ಹಚ್ಚುತ್ತವಂತೆ. ಅವಕ್ಕೆ ನಿದ್ದೆಯಿಲ್ಲ, ಶೀತವಿಲ್ಲ, ತಂಗಿಯ ಮದುವೆಗೆ ರಜೆ ಬೇಡ. ಓದಿ ಮುಗಿಸಿ, ಪೇಪರನ್ನು ಅದರ ಮಡಿಕೆಯಲ್ಲೇ ಮಡಚಿ, ಅಂಚು ಸರಿಮಾಡಿ ಸ್ಟೂಲಿನ ಮೇಲಿಟ್ಟೆ. ನಮ್ಮ ಮನೆಯಲ್ಲಿ ಪೇಪರಿಗೂ ಒಂದು ಡ್ರಿಲ್ ಇದೆ. ಅದನ್ನು ಮುರಿಯುವವಳು ನನ್ನ ಹೆಂಡತಿ ಶಾರದೆ ಒಬ್ಬಳೇ. ಒಳಗಿನ ಪುಟವನ್ನು ತೆಗೆದು ಅಕ್ಕಿಡಬ್ಬಿಯ ತಳಕ್ಕೆ ಹಾಕುತ್ತಾಳೆ.

ಸಂಜೆ ಐತಪ್ಪ ಬಂದಾಗ ಸುದ್ದಿ ಹೇಳಿದೆ. ಅವನಿಗೂ ಬೇಸರವಾಗಬಹುದೆಂದು ನಿರೀಕ್ಷಿಸಿದ್ದೆ. ಅವನೋ ತೊಡೆ ತಟ್ಟಿ ನಕ್ಕ.

"ಒಳ್ಳೆದಾಯ್ತು ಮಾರಾಯ್ರೆ. ಆ ಚಳಿಯಲ್ಲಿ ನಾವು ನಿಂತದ್ದೇ ಸಾಕು. ಇನ್ನೊಬ್ಬನ ಮೂಗು ಮರಗಟ್ಟುವುದು ಬೇಡ."

"ಅದು ಪಾಸ್‌ವರ್ಡ್ ಕೇಳ್ತದಾ?" ಎಂದೆ.

"ಎಂತಕ್ಕೆ ಕೇಳುವುದು? ನೋಡಿದ ಕೂಡಲೇ ನಮ್ಮವನಾ, ಹೊರಗಿನವನಾ ಅಂತ ಅದಕ್ಕೆ ಗೊತ್ತಾಗ್ತದಂತಲ್ಲ. ನಿಮ್ಮ ಹಾಗಲ್ಲ, ಹವಾಲ್ದಾರ್ರೇ."

ಈ ಕೊನೆಯ ಮಾತಿನಲ್ಲಿದ್ದ ಮುಳ್ಳನ್ನು ವಿವರಿಸಬೇಕು. ಸೈನ್ಯದಲ್ಲಿ ಕಾವಲಿನವನ ಹತ್ತಿರ ಯಾರೇ ಬರಲಿ, ಅವನು "ಥಮ್! ಕೌನ್ ಆತಾ ಹೈ?" ಎಂದು ತಡೆಯುತ್ತಾನೆ. ನಿಲ್ಲು, ಯಾರು ಬರುತ್ತಿರುವುದು ಎಂದರ್ಥ. ಬಂದವನು "ದೋಸ್ತ್" ಎನ್ನಬೇಕು, ಆ ದಿನದ ಪಾಸ್‌ವರ್ಡ್ ಹೇಳಬೇಕು. ಹೇಳದಿದ್ದರೆ ಕಮಾಂಡರನಾದರೂ ಹೊರಗೇ. ನಮ್ಮೂರು ಕುಂಜತ್ತೂರಿಗೆ ಮರಳಿದ ಮೇಲೂ ನಾನು ಈ ಪದ್ಧತಿಯನ್ನು ನಮ್ಮ ಮನೆಯ ಗೇಟಿನಲ್ಲಿ ನಡೆಸಿಕೊಂಡು ಬಂದೆ. ಬೇರೆಯವರ ಮೇಲೆ ನಡೆಸಲು ಶಾರದೆ ಬಿಡಲಿಲ್ಲ. ಮೀನಿನವನನ್ನು ಒಮ್ಮೆ ತಡೆದದ್ದಕ್ಕೆ ಅವನು ವಾರವಿಡೀ ನಮ್ಮ ಮನೆಯ ಕಡೆಗೇ ಬರಲಿಲ್ಲ. ಉಳಿದವನು ಐತಪ್ಪ. ಹೆಂಡತಿ ತೀರಿದ ಮೇಲೆ ಅವನ ಸಂಜೆಯ ಚಹಾ, ರಾತ್ರಿಯ ಊಟ ನಮ್ಮಲ್ಲೇ. ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ಸಿಕ್ಕಾಗ ಆ ದಿನದ ಪಾಸ್‌ವರ್ಡನ್ನು ನಾನು ಅವನ ಕಿವಿಯಲ್ಲಿ ಹೇಳುತ್ತಿದ್ದೆ. ಶಾರದೆ ಅಂದು ಮಾಡಲಿರುವ ಪದಾರ್ಥವೇ ಪಾಸ್‌ವರ್ಡ್: ಹೀರೆಕಾಯಿ, ಅಲಸಂಡೆ, ಮೀನಿನ ದಿನ ಬೂತಾಯಿ. ಸಂಜೆ ಗೇಟಿನಲ್ಲಿ ಅದನ್ನು ಹೇಳಿ ಅವನು ಒಳಗೆ ಬರುತ್ತಿದ್ದ. ಇಬ್ಬರು ಮುದುಕರ ಈ ಆಟವನ್ನು ನೋಡಿ ದಾರಿಹೋಕರು ನಗುತ್ತಿದ್ದರು. ನಾವು ನಗುತ್ತಿರಲಿಲ್ಲ. ಡ್ಯೂಟಿಯಲ್ಲಿ ನಗುವುದು ಅಪರಾಧ.

ಮಳೆಗಾಲ ಮುಗಿಯುವ ಹೊತ್ತಿಗೆ ಐತಪ್ಪ ತಪ್ಪತೊಡಗಿದ. ಅಲಸಂಡೆಯ ದಿನ "ಬಸಳೆ" ಎಂದ. ಮರುದಿನ ಬೂತಾಯಿಗೂ "ಬಸಳೆ". ಅದರ ಮರುದಿನವೂ ಬಸಳೆಯೇ. ಅವನು ಸಿವಿಲಿಯನ್ ಆಗಿಬಿಟ್ಟನೆಂದು ನನಗೆ ಸಿಟ್ಟು ಬಂತು. ನಿಯಮದಂತೆ ಗೇಟಿನ ಹೊರಗೇ ನಿಲ್ಲಿಸಿದೆ. ಅವನು ಗೇಟಿನ ಸರಳು ಹಿಡಿದುಕೊಂಡು, ನಾಲಿಗೆಯ ತುದಿಯಲ್ಲಿರುವುದನ್ನು ಹುಡುಕುವವನಂತೆ ಬಾಯಿ ತೆರೆದು ಮುಚ್ಚಿ ಮಾಡಿದ. ಶಾರದೆ ಹಿಟ್ಟಿನ ಕೈಯಲ್ಲೇ ಓಡಿಬಂದು ಗೇಟು ತೆರೆದಳು.

"ನಿಮಗೆಂತ ಹುಚ್ಚಾ? ಆ ಮನುಷ್ಯನ ಮುಖ ನೋಡಿದ್ದೀರಾ? ಬನ್ನಿ ಐತಪ್ಪಣ್ಣ, ಚಾ ತಣಿಯಿತು."

"ಇವತ್ತು ಬಸಳೆ ಅಲ್ವಾ ಶಾರದಕ್ಕ?" ಎಂದು ಅವನು ಕೇಳಿದ. ತಮಾಷೆಯ ದನಿಯಾಗಿರಲಿಲ್ಲ ಅದು. ನಾನು ಮಾತ್ರ ಬೇಲಿ ಕಾಯುವವನು ಬೇಲಿಯಾಚೆ ನೋಡುವಂತೆ ಬೇರೆಲ್ಲೋ ನೋಡುತ್ತಿದ್ದೆ.

ಒಂದು ದಿನ ಅವನು ಬರಲೇ ಇಲ್ಲ. ಚಹಾದ ಹೊತ್ತು ಕಳೆಯಿತು. ಅವನ ಮನೆಗೆ ಹೋದರೆ ಬಾಗಿಲು ಹಾರುಹೊಡೆದಿತ್ತು. ಚಪ್ಪಲಿ ಮೆಟ್ಟಿಲಿನಲ್ಲೇ ಇತ್ತು, ಕೊಡೆ ಇರಲಿಲ್ಲ. ಆಚೆ ಕಡೆ ಹೆದ್ದಾರಿ, ಈಚೆ ರೈಲು ಹಳಿ, ಅದರಾಚೆಗೆ ಸಮುದ್ರ. ಬರಿಗಾಲಿನಲ್ಲಿ ಹೊರಟ ಮುದುಕನಿಗೆ ಮೂರೂ ಒಳ್ಳೆಯ ದಿಕ್ಕುಗಳಲ್ಲ. ಯಾವ ಕಡೆ ಹೊರಡಲೆಂದು ತಿಳಿಯದೆ ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತೆ. ಜೇಬಿನಲ್ಲಿ ಕೈಯಿಡುವುದು ನಾನು ಎಂದೂ ಯಾರಿಗೂ ಅನುಮತಿಸದ ಸಂಗತಿ.

ದಾರಿ ತೋರಿಸಿದವಳು ಶಾರದೆಯೇ. ನಮ್ಮ ನೆರೆಯ ಅಶ್ರಫ್ ಮದುವೆ ವಿಡಿಯೋ ತೆಗೆಯುವವನು, ಅವನಲ್ಲಿ ಡ್ರೋನ್ ಇದೆ. ಪೇಪರಿನ ಸುದ್ದಿ ಓದಿದ ದಿನದಿಂದ ನಾನು ಆ ಡ್ರೋನಿನ ಕಡೆಗೆ ಮುಖ ಕೊಟ್ಟಿರಲಿಲ್ಲ. ಅಶ್ರಫ್ ಅದೊಂದನ್ನೂ ನೆನಪಿಸದೆ ಅಂಗಳಕ್ಕೆ ತಂದು ಹಾರಿಸಿದ. ಅವನ ಕೈಯ ಪರದೆಯಲ್ಲಿ ನಾನು ದಿನವೂ ನಡೆದು ಅಳೆಯುವ ಊರು ಅಂಗೈಯಷ್ಟಾಗಿ ಕಂಡಿತು. ಹಳಿಯ ಮೇಲೆ ಯಾರೂ ಇಲ್ಲ. ಹೆದ್ದಾರಿಯಲ್ಲಿ ಇಲ್ಲ. ಕಡಲಿನ ಕಡೆ ತಿರುಗಿದಾಗ ಗಾಳಿಮರಗಳ ಪಕ್ಕದಲ್ಲಿ ಮೊಬೈಲ್ ಟವರು, ಅದರ ಸುತ್ತ ಮುಳ್ಳುತಂತಿಯ ಬೇಲಿ, ಬೇಲಿಯ ಗುಂಟ ಒಬ್ಬ ಮನುಷ್ಯ. ಹೆಗಲಿಗೆ ಕೊಡೆಯನ್ನು ಬಂದೂಕಿನಂತೆ ಏರಿಸಿಕೊಂಡು ಹೋಗುತ್ತಾನೆ, ಮೂಲೆಯಲ್ಲಿ ನಿಲ್ಲುತ್ತಾನೆ, ಹಿಮ್ಮಡಿಯ ಮೇಲೆ ತಿರುಗುತ್ತಾನೆ, ಬರುತ್ತಾನೆ. ತಿರುಗುವುದರಲ್ಲಿ ಒಂದಿಷ್ಟೂ ತಪ್ಪಿಲ್ಲ.

"ಸಿಕ್ಕಿದ್ರಲ್ಲ!" ಎಂದ ಅಶ್ರಫ್. "ಆದರೆ ನನ್ನ ಡ್ರೋನಿಗೆ ಕೊಡೆ ಬೀಸ್ತಾ ಇದ್ದಾರೆ, ಹವಾಲ್ದಾರ್ರೇ. ಎಂತದೋ ಕೂಗ್ತಾರೆ ಸಹ."

ಏನು ಕೂಗುತ್ತಿದ್ದಾನೆಂದು ನನಗೆ ಗೊತ್ತಿತ್ತು. ಪರದೆಯಲ್ಲಿ ಶಬ್ದ ಬರುವುದಿಲ್ಲ.

ಶಾರದೆಯೂ ನಾನೂ ಆಟೋದಲ್ಲಿ ಹೋದೆವು. ಇಳಿದು ನಾಲ್ಕು ಹೆಜ್ಜೆ ಇಟ್ಟೆನೋ ಇಲ್ಲವೋ, ಕೊಡೆಯ ತುದಿ ನನ್ನ ಎದೆಗೆ ನೇರವಾಯಿತು.

"ಥಮ್! ಕೌನ್ ಆತಾ ಹೈ?"

ಆ ದನಿಗೆ ವಯಸ್ಸಾಗಿರಲಿಲ್ಲ. "ದೋಸ್ತ್" ಎಂದೆ. "ಐತಪ್ಪ, ನಾನು ಮಾರಾಯ."

"ಪಾಸ್‌ವರ್ಡ್ ಹೇಳು."

ಜೀವಮಾನದಲ್ಲಿ ಅವನು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಬೆಳಿಗ್ಗೆ ಸೊಸೈಟಿಯಲ್ಲಿ ನಾನೇ ಹೇಳಿದ್ದನ್ನು ಹೇಳಿದೆ: "ಹೀರೆಕಾಯಿ." ಅವನು ಅಲ್ಲವೆಂದು ತಲೆಯಾಡಿಸಿದ. ಕೊಡೆ ಕದಲಲಿಲ್ಲ. ಅವನ ಕಣ್ಣು ನನ್ನ ಮುಖವನ್ನು ಕೂದಲಿನಿಂದ ಗಲ್ಲದವರೆಗೆ ತಪಾಸಣೆ ಮಾಡಿತು. ಅಲ್ಲಿ ಅದಕ್ಕೆ ಯಾರೂ ಸಿಗಲಿಲ್ಲ. ಹಿಂದಿನಿಂದ ಶಾರದೆ ನನ್ನ ಬೆನ್ನಿಗೆ ತಿವಿದು ಪಿಸುಗುಟ್ಟಿದಳು: "ಬಸಳೆ ಅನ್ನಿ."

"ಬಸಳೆ" ಎಂದೆ.

ಕೊಡೆ ಇಳಿಯಿತು. "ಬದಲಿಗೆ ಬಂದದ್ದಾ? ಎಷ್ಟು ಹೊತ್ತಾಯ್ತು ಮಾರಾಯಾ, ಯಾರೂ ಬರಲಿಲ್ಲ" ಎಂದು ಅವನು ಕೊಡೆಯನ್ನು ಎರಡೂ ಕೈಯಲ್ಲಿ ನನಗೆ ಒಪ್ಪಿಸಿದ. "ಪೋಸ್ಟಿನಲ್ಲಿ ಎಲ್ಲ ಸರಿ ಉಂಟು. ಮೇಲೆ ಒಂದು ಹಾರ್ತಾ ಉಂಟು, ಅದರ ಮೇಲೆ ಕಣ್ಣಿರಲಿ. ಕೇಳಿದರೆ ಉತ್ತರ ಕೊಡುವುದಿಲ್ಲ ಅದು."

ಶಾರದೆ ಅವನ ಕೈಹಿಡಿದು ಆಟೋ ಹತ್ತಿಸಿದಳು. ನಾನೂ ಹೊರಡಲು ಹೆಜ್ಜೆಯೆತ್ತಿದರೆ ಅವನು ಆಟೋದಿಂದ ತಲೆ ಹೊರಹಾಕಿ ನೋಡಿದ. ಬದಲಿ ಬಾರದೆ ಕಾವಲಿನವನು ಜಾಗ ಬಿಡುವಂತಿಲ್ಲ. ನಾನು ಕೊಡೆಯನ್ನು ಹೆಗಲಿಗೇರಿಸಿ ನಿಂತೆ. ಅಶ್ರಫ್ ಫೋನು ಮಾಡಿ, "ಬ್ಯಾಟರಿ ಮುಗೀತಾ ಬಂತು, ಇಳಿಸಲಾ?" ಎಂದ. "ಆಟೋ ಮನೆಯ ಗೇಟು ದಾಟುವವರೆಗೆ ಅವನ ಮೇಲೆಯೇ ಇರಲಿ" ಎಂದೆ. ಡ್ರೋನು ನನ್ನನ್ನು ಬಿಟ್ಟು ಅವನ ಹಿಂದೆ ಹೋಯಿತು. ಕಡಲ ಕಡೆಯಿಂದ ಬಂದ ಮೀನಿನವನು ಸೈಕಲ್ ನಿಲ್ಲಿಸಿ, "ಎಂತ ಹವಾಲ್ದಾರ್ರೇ, ಈಗ ಟವರಿಗೂ ಪಾಸ್‌ವರ್ಡಾ?" ಎಂದು ಕೇಳಿದ. ನಾನು ಬೇಲಿಯ ಮೂಲೆಯವರೆಗೆ ನಡೆದು ಹಿಮ್ಮಡಿಯ ಮೇಲೆ ತಿರುಗಿದೆ. ಡ್ಯೂಟಿಯಲ್ಲಿ ಮಾತಾಡುವುದೂ ಅಪರಾಧ ಎಂದು ಅವನು ತಿಳಿದುಕೊಂಡಿರಬಹುದು.

ಈಗ ಐತಪ್ಪ ನಮ್ಮ ಮನೆಯಲ್ಲೇ ಇದ್ದಾನೆ. ವಾಸಿಯಾಗುವ ಕಾಯಿಲೆಯಲ್ಲ ಎಂದಿದ್ದಾರೆ ಡಾಕ್ಟರು. ಗೇಟಿನ ಒಳಗೆ ಅವನಿಗೊಂದು ಕುರ್ಚಿ ಹಾಕಿದ್ದೇನೆ, ಕೊಡೆ ಮಡಿಲಲ್ಲಿರುತ್ತದೆ. ಶಾರದೆಯನ್ನು ಅವನು ತಡೆಯುವುದಿಲ್ಲ, ಅಶ್ರಫನನ್ನು ತಡೆಯುವುದಿಲ್ಲ, ಮೀನಿನವನಿಗಂತೂ ಸೆಲ್ಯೂಟ್ ಹೊಡೆಯುತ್ತಾನೆ. ಬೆಳಿಗ್ಗೆ ಹಾಲು ಹಿಡಿದು ಬರುವ ನನ್ನನ್ನು ಮಾತ್ರ ನಿಲ್ಲಿಸುತ್ತಾನೆ. ಬಸಳೆ ಎಂದು ಒಳಗೆ ಬರುತ್ತೇನೆ. ನಿನ್ನೆ ಬಸಳೆಯೂ ನಡೆಯಲಿಲ್ಲ. ನನಗೆ ನೆನಪಿದ್ದ ತರಕಾರಿಗಳನ್ನೆಲ್ಲ ಹೇಳಿ, ಮೀನುಗಳಿಗೆ ಬಂದು, ಅವೂ ಮುಗಿದು, ನನ್ನದೇ ಗೇಟಿನ ಸರಳು ಹಿಡಿದುಕೊಂಡು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದೆ. ಕೊನೆಗೆ ಶಾರದೆ ಬಂದು, "ಬಿಡಿ ಐತಪ್ಪಣ್ಣ, ನಮ್ಮವರೇ" ಎಂದಳು. ಅವನು ನನ್ನನ್ನು ಇನ್ನೊಮ್ಮೆ ದೀರ್ಘವಾಗಿ ನೋಡಿ, ಅವಳ ಮಾತಿನ ಮೇಲೆ ಒಳಗೆ ಬಿಟ್ಟ.