ಮುರಿಗೆಪ್ಪ ಟ್ರ್ಯಾಕ್ಟರಿನ ಹೊಟ್ಟೆ ಬಿಚ್ಚಿದ್ದು

"ಇವತ್ತಿನಿಂದ ಈ ಟ್ರ್ಯಾಕ್ಟರಿಗೆ ನಾನ ಮಿಸ್ತ್ರಿ!"

ಕಲ್ಲೋಳಿಯ ಮುರಿಗೆಪ್ಪ ಚಹಾದ ಕಪ್ಪು ಕೆಳಗಿಡುತ್ತಲೇ ಘೋಷಿಸಿಬಿಟ್ಟ. ಮೂವತ್ತು ವರ್ಷದ ಆ ಮುದಿ ಟ್ರ್ಯಾಕ್ಟರು ನಿನ್ನೆಯಿಂದ ನೇಗಿಲು ಎತ್ತುವುದನ್ನೇ ಬಿಟ್ಟಿತ್ತು. ಹಿಡಿಕೆ ಎಷ್ಟು ಎಳೆದರೂ ನೇಗಿಲು ನೆಲ ಬಿಡಲೊಲ್ಲದು.

"ನಮ್ಮ ಗುರುರಾಜಗ ಒಂದ್ ಫೋನ್ ಮಾಡ್ರಿ," ಎಂದಳು ಹೆಂಡತಿ ಶೋಭಾ. ಅವಳ ತಮ್ಮ ಗುರುರಾಜ, ಬೆಲ್ಲದ ಬಾಗೇವಾಡಿ ಊರಿನಲ್ಲಿ ಹೆಸರಾದ ಟ್ರ್ಯಾಕ್ಟರ್ ರಿಪೇರಿ ಮಿಸ್ತ್ರಿ.

"ಅವಗಾ? ಪಂಚಮಿಗೆ ನಿನ್ನ ಕರಿಯಾಕ ಬಂದಾಗ ಎಲ್ಲಾರ ಮುಂದ ಏನಂದ? 'ಮಾಮಾ, ನೀವು ಸ್ಟೇರಿಂಗ್ ಹಿಡಿಯಾಕಷ್ಟ ಚೊಲೊ' ಅಂದ! ಸಂಜಿಯೊಳಗ ನೇಗಿಲ ಎತ್ತತೇನಿ. ಅವನ ಬಾಯಿಲೇನ ನನಗ ಮಿಸ್ತ್ರಿ ಅನ್ನಸ್ತೇನಿ!"

ಮುರಿಗೆಪ್ಪ ಗೋಣಿಚೀಲ ಹಾಸಿ, ಟ್ರ್ಯಾಕ್ಟರಿನ ಕೆಳಗೆ ನುಸುಳಿ, ಹಿಂಭಾಗದ ಬೋಲ್ಟಿಗೆ ಪಾನಾ ಹಾಕಿ ತಿರುವತೊಡಗಿದ. ನೇಗಿಲು ಎತ್ತುವ ಹೈಡ್ರಾಲಿಕ್ ಎಣ್ಣೆ ಎಂದರೆ ನಾಲ್ಕು ಲೀಟರು ಇದ್ದೀತು ಎಂಬುದು ಅವನ ಲೆಕ್ಕ. ಅದಕ್ಕೆ ಒಂದೇ ಬಕೆಟ್ಟು! ಆದರೆ ಆ ಹಳೆಯ ಯಂತ್ರದಲ್ಲಿ ಗೇರುಗಳಿಗೂ ಹೈಡ್ರಾಲಿಕ್ಕಿಗೂ ಇರುವುದು ಒಂದೇ ಹೊಟ್ಟೆ, ಒಂದೇ ಎಣ್ಣೆ. ಬೋಲ್ಟು ಕಳಚಿದ್ದೇ ತಡ, ಕಪ್ಪು ಎಣ್ಣೆ ಧೋ ಎಂದು ಸುರಿಯಿತು.

"ಶೋಭಾ, ಕೊಡಾ ತಾ!"

"ಬೋಲ್ಟ್ ಹಾಕಿ ಬಂದ್ ಮಾಡ್ರಲ್ಲಾ!"

"ಅದು ಬಕೆಟ್ಟಿನ್ಯಾಗ ಮುಳಗೇತಿ! ಕೊಡಾ ತುಂಬಿತು, ಹಂಡೆ ತಾ!"

ಹಂಡೆಯೂ ತುಂಬಿ, ಕೊನೆಗೆ ಸಾರಿನ ಪಾತೇಲಿಯೂ ಬಂತು. ಗದ್ದಲ ಕೇಳಿ ಓಣಿಯ ಅರ್ಧ ಮಂದಿ ಅಂಗಳದಲ್ಲಿ ಸೇರಿದರು. ನೆತ್ತಿಯಿಂದ ಹಿಮ್ಮಡಿವರೆಗೆ ಎಣ್ಣೆ ಸುರಿಸುತ್ತ ಹೊರಬಂದ ಗಂಡನನ್ನು ನೋಡಿ ಶೋಭಾ ಕೇಳಿದಳು, "ಹೆಂಗೂ ಎಣ್ಣಿ ಐತಿ, ಭಜಿ ಕರೀಲೇನು?"

ಮುರಿಗೆಪ್ಪ ಜಗ್ಗುವ ಆಸಾಮಿಯೇ? ಗೋಕಾಕಕ್ಕೆ ಹೋಗಿ ಹೊಸ ಎಣ್ಣೆ ತಂದ. ಬಾಜೂಕಿನ ಮುಚ್ಚಳ ಬಿಚ್ಚಿ, ಫಿಲ್ಟರನ್ನು ಡೀಸೆಲ್ಲಿನಲ್ಲಿ ಎರಡೆರಡು ಸಲ ತೊಳೆದ. ಸಂಜೆ ಐದಕ್ಕೆ ಎಲ್ಲ ಜೋಡಿಸಿ, ಎಣ್ಣೆ ತುಂಬಿ, ಮತ್ತೆ ಸೇರಿದ ಮಂದಿಯ ಮುಂದೆ ಚಕ್ರವರ್ತಿ ಸಿಂಹಾಸನ ಏರಿದಂತೆ ಸೀಟು ಏರಿ, ಎಂಜಿನ್ ಚಾಲೂ ಮಾಡಿ, ಹಿಡಿಕೆ ಎಳೆದ.

ನೇಗಿಲು ಏಳಲಿಲ್ಲ! ಬಯ್ದ, ಬೇಡಿಕೊಂಡ. ಊಹೂಂ.

ಶೋಭಾ ಅಪ್ಪಣೆಗೆ ಕಾಯದೆ ತಮ್ಮನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಹಿಡಿದಳು. ಗುರುರಾಜ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ: "ಮಾಮಾ, ಸೀಟಿನ ಬಾಜೂ ಸಣ್ಣ ಪಿಟಿಓ ಗೇರ್ ಐತೆಲ್ಲಾ, ಅದನ್ನ ಹಾಕೀರೇನ್ರಿ? ಆ ಹಳೇ ಮಾಡಲ್‌ಗೆ ಅದನ್ನ ಹಾಕಿದ್ರನ ಹೈಡ್ರಾಲಿಕ್ ಪಂಪ್ ತಿರಗತೈತಿ."

ಮುರಿಗೆಪ್ಪ ಬಗ್ಗಿ ಆ ಗೇರಿನ ಕಡೆ ನೋಡಿದ. ಮೊನ್ನೆ ಮೂಡಲಗಿಗೆ ಟ್ರಾಲಿ ಒಯ್ಯುವಾಗ ಅದನ್ನು ತಪ್ಪಿಸಿ, ಮತ್ತೆ ಹಾಕುವುದನ್ನು ಮರೆತವನು ತಾನೇ! ಕ್ಲಚ್ ಒತ್ತಿ ಗೇರು ಹಾಕಿದ. ನೇಗಿಲು ಹೂವಿನಂತೆ ಮೇಲೆದ್ದಿತು.

"ಹಂಗಾರ ಕೆಟ್ಟಿದ್ದರ ಏನ ತಮ್ಮಾ?" ಶೋಭಾ ಕೇಳಿದಳು.

"ಏನೂ ಕೆಟ್ಟಿದ್ದಿಲ್ಲಕ್ಕಾ! ಆದ್ರ ಮಾಮಾ, ಚೊಲೊ ಇದ್ದದ್ದನ್ನ ಪೂರಾ ಬಿಚ್ಚಿ, ಮತ್ತ ಚೊಲೊನ ಮಾಡಿ ಇಟ್ಟೀರಂದ್ರ ನೀವು ಖರೇನ ಮಿಸ್ತ್ರಿ ಬಿಡ್ರಿ!"

ಅಂಗಳದ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಶೋಭಾ," ಎಂದ ಮುರಿಗೆಪ್ಪ ಮೆಲ್ಲಗೆ, "ಮೊದಲ ಆ ಸ್ಪೀಕರ್ ಬಂದ್ ಮಾಡ."